ಭರಣಿಯ ಸುತ್ತ ಸಲಹೆಗಾರರು

ಏಪ್ರಿಲ್ ಕೊನೆಗೆ ಶಿರಸಿ ಸೀಮೆಯಲ್ಲಿ ಮುರುಗಲು, ಅಂದರೆ ಕೋಕಂ, ಹಣ್ಣಾಯಿತೆಂದರೆ, ಸಿರಪ್ ಮಾಡಲು ಒಬ್ಬರು ಕೂರುತ್ತಾರೆ, ಸಲಹೆ ಕೊಡಲು ಮನೆಮಂದಿಯೆಲ್ಲ ನಿಲ್ಲುತ್ತಾರೆ. ಕೆಲಸವೇನೂ ಕಷ್ಟದ್ದಲ್ಲ. ಕೆಡುವುದು ಸಲಹೆಯಿಂದ.

ಕಡುಗೆಂಪಾದ, ಒಡೆಯದ ಹಣ್ಣು ಆರಿಸಿ, ತೊಳೆದು, ಒರೆಸಿ, ಪೂರ್ತಿ ಆರಲು ಬಿಡಬೇಕು. ‘ಇಷ್ಟು ಸಾಕು ಬಿಡು’ ಎನ್ನುವವರ ಮಾತು ಕೇಳಿದರೆ ತೊಟ್ಟಿನ ಬುಡದ ಹನಿ ನೀರು ಒಳಗೆ ಸೇರಿ, ವಾರದೊಳಗೆ ಬೂಷ್ಟು ಮೇಲೇಳುತ್ತದೆ. ಹೋಳು ಮಾಡಿ ಬೀಜ ತೆಗೆದ ಮೇಲೆ ತೂಕ ಹಾಕಿ. ಎರಡು ಕಿಲೋ ಹಣ್ಣಿಗೆ ಸಿಪ್ಪೆ ಹೆಚ್ಚುಕಡಿಮೆ ಒಂದು ಕಿಲೋ. ಬೀಜ ಎಸೆಯಬೇಡಿ, ಒಣಗಿಸಿಟ್ಟರೆ ಮುರುಗಲು ತುಪ್ಪಕ್ಕಾಯಿತು, ಒಡೆದ ಹಿಮ್ಮಡಿಗೆ ಅದಕ್ಕಿಂತ ಮದ್ದಿಲ್ಲ. ಬಿಳಿ ಪಂಚೆಯವರನ್ನು ಮಾತ್ರ ಈ ಹೊತ್ತಿನಲ್ಲಿ ಹತ್ತಿರ ಬಿಡಬಾರದು.

ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಇಲ್ಲಿ ಮಾವ ಬಾಯಿ ಹಾಕುತ್ತಾರೆ: ‘ಒಂದ್ ಕಿಲೋ ಸಾಕು, ನಂಗೆ ಶುಗರ್ ಇದ್ದು.’ ಮಾವನಿಗೆ ಶುಗರ್ ಇದ್ದರೆ ಅವರು ಕುಡಿಯದಿದ್ದರಾಯಿತು, ಭರಣಿಗೆ ಪಥ್ಯ ಮಾಡಿಸಬಾರದು. ಸಕ್ಕರೆ ಇಲ್ಲಿ ಸಿಹಿಗಿಂತ ಹೆಚ್ಚಾಗಿ ಕಾವಲುಗಾರ. ಸಿಪ್ಪೆಯೊಳಗಿನ ರಸವನ್ನು ಹೊರಗೆಳೆಯುವುದೂ ಅದೇ, ಹುಳಿ ಬರಿಸುವ ಯೀಸ್ಟ್‌ಗೆ ಬೇಕಾದ ನೀರನ್ನು ಹಿಡಿದಿಟ್ಟುಕೊಳ್ಳುವುದೂ ಅದೇ. ಕಡಿಮೆಯಾದರೆ ಗುಳ್ಳೆ ಏಳುತ್ತದೆ, ಹೆಂಡದ ವಾಸನೆ ಬರುತ್ತದೆ, ಕೊನೆಗೆ ನಡುರಾತ್ರಿ ಬಾಟಲಿಯ ಮುಚ್ಚಳ ಹಾರಿ ಮನೆಯೆಲ್ಲ ಕಳ್ಳ ಬಂದನೆಂದು ಏಳುತ್ತದೆ.

ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಮೇಲಿನ ಪದರ ಸಕ್ಕರೆಯೇ ಇರಲಿ. ಗಾಜಿನ ಇಲ್ಲವೇ ಪಿಂಗಾಣಿ ಭರಣಿ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಈ ಹುಳಿ ತಿನ್ನುತ್ತದೆ, ಪಾತ್ರೆಯೂ ಹೋಗುತ್ತದೆ, ರುಚಿಯೂ. ಬಾಯಿಗೆ ತೆಳು ಬಟ್ಟೆ ಕಟ್ಟಿ, ನೀರು ತುಂಬಿದ ತಟ್ಟೆಯೊಳಗೆ ನಿಲ್ಲಿಸಿ ಏಳೆಂಟು ದಿನ ಬಿಸಿಲಿಗಿಡಿ. ಆದರೂ ಭರಣಿ ಗೋಡೆಗೆ ತಾಗಿದ್ದರೆ ಇರುವೆ ಗೋಡೆಯ ದಾರಿಯಲ್ಲೇ ಬರುತ್ತದೆ. ದಿನಾ ಒಣ ಮರದ ಸೌಟಿನಿಂದ ತಳದವರೆಗೆ ಕೈಯಾಡಿಸಬೇಕು. ಇದನ್ನು ಮರೆತರೆ ಸಕ್ಕರೆ ಅಡಿಯಲ್ಲಿ ಗಟ್ಟಿಯಾಗಿ ಕೂತು ಮೇಲೆ ತೆಳು ರಸ ನಿಲ್ಲುತ್ತದೆ, ಕೆಡಲು ಶುರುವಾಗುವುದು ಅಲ್ಲಿಂದಲೇ.

ಮೇ ತಿಂಗಳ ಮೋಡ ಕವಿದರೆ ಅತ್ತೆ ‘ಕುದಿಸಿಬಿಡೆ’ ಎನ್ನುತ್ತಾರೆ. ಕುದಿಸಿದರೆ ಕಡುಗೆಂಪು ಕಂದಾಗುತ್ತದೆ, ಪರಿಮಳವೂ ಹಬೆಯಲ್ಲಿ ಹೋಗುತ್ತದೆ. ಬೇಕೇಬೇಕೆಂದರೆ ಬಿಸಿನೀರಿನ ಪಾತ್ರೆಯೊಳಗೆ ಸ್ಟೀಲ್ ಪಾತ್ರೆ ಇಟ್ಟು ಸಕ್ಕರೆ ಕರಗುವಷ್ಟೇ ಬೆಚ್ಚಗೆ ಮಾಡಿ.

ಸೋಸುವಾಗ ಹಿಂಡಬೇಡಿ, ಕದಡುತ್ತದೆ. ತಾನಾಗಿ ಇಳಿದದ್ದೇ ತಿಳಿ. ಹುರಿದ ಜೀರಿಗೆ ಪುಡಿ ಎರಡು ಚಮಚ, ಉಪ್ಪು ಒಂದು ಚಮಚ. ಒಣಗಿದ ಗಾಜಿನ ಬಾಟಲಿಗೆ ಎರಡು ಬೆರಳಷ್ಟು ಜಾಗ ಬಿಟ್ಟು ತುಂಬಿ.

‘ಆಸ್ರಿಗೆ ಎಂತ ಮಾಡವು?’ (ಕುಡಿಯಲು ಏನು ಮಾಡಲಿ?) ಎಂದು ನೆಂಟರನ್ನು ಕೇಳಿದ ಮೇಲೆ ಒಂದು ಪಾಲು ಸಿರಪ್ಪಿಗೆ ಐದು ಪಾಲು ತಣ್ಣೀರು. ಹತ್ತು ಪಾಲು ಹಾಕುವ ಮನೆಗಳೂ ಇವೆ, ಬಣ್ಣ ನೋಡಿದರೇ ಗೊತ್ತಾಗುತ್ತದೆ. ಉಳಿದ ಸಿಪ್ಪೆಯನ್ನು ಎರಡು ಬಿಸಿಲು ಒಣಗಿಸಿ ಡಬ್ಬಿಗೆ ಹಾಕಿ. ಮೊದಲ ಬಿಸಿಲಿಗೇ ಅರ್ಧವಾಗಿದ್ದರೆ ಕಾಗೆಯನ್ನು ಬೈಯುವ ಮುಂಚೆ ಮಕ್ಕಳ ನಾಲಿಗೆ ನೋಡಿ.