ಚಗಳಿಗೆ ಮದ್ದು ಹೊಡೆದು ನಾನು ಕಲಿತದ್ದು

ಮೂಡಿಗೆರೆ ಕಡೆ ಕಾಫಿ ತೋಟ ಇರುವವರಿಗೆ ಚಗಳಿಯ, ಅಂದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯ, ಪರಿಚಯ ಮಾಡಿಕೊಡಬೇಕಾಗಿಲ್ಲ. ಕುಯ್ಲಿನ ಹೊತ್ತಲ್ಲಿ ಗಿಡದೊಳಗೆ ಕೈ ಹಾಕಿದರೆ ಸಾಕು, ಅದೇ ಬಂದು ಪರಿಚಯ ಮಾಡಿಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಕುಯ್ಲಿಗೆ ಬಂದಿದ್ದ ಹೆಂಗಸರು ಅರ್ಧ ಸಾಲಿಗೇ ನಿಂತುಬಿಟ್ಟರು. "ಆ ಗಿಡ ನಾವು ಮುಟ್ಟಲ್ಲ ಅಣ್ಣ, ನೀವೇ ಕುಯ್ಕೊಳ್ಳಿ" ಅಂದರು. ನಾನೇ ಕೈ ಹಾಕಿದೆ. ಕುತ್ತಿಗೆ, ಕಂಕುಳು, ಕಿವಿಯ ಹಿಂದೆ ಎಲ್ಲಾ ಉರಿ. ಆ ಸಿಟ್ಟಲ್ಲೇ, ಕುಯ್ಲು ಮುಗಿದ ಮೇಲೆ ಇಡೀ ಬ್ಲಾಕಿಗೆ ಮದ್ದು ಹೊಡೆಸಿದೆ.

ಚಗಳಿ ಹೋಯಿತು. ಮುಂದಿನ ಬೇಸಿಗೆಗೆ ಅದೇ ಬ್ಲಾಕಿನ ಎಲೆಗಳೆಲ್ಲ ಮಸಿ ಬಳಿದ ಹಾಗೆ ಕಪ್ಪು. ಎಲೆ ಮಗುಚಿದರೆ ನಡುವಿನ ನರದುದ್ದಕ್ಕೂ ಹಸಿರು ಶಲ್ಕ ಕೀಟ, ಒತ್ತೊತ್ತಾಗಿ, ಎಳ್ಳು ಅಂಟಿಸಿದ ಹಾಗೆ ಕೂತಿತ್ತು. ಅದು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಅಂಟಿನ ಮೇಲೆ ಬೆಳೆಯುವ ಬೂಷ್ಟೇ ಈ ಮಸಿ.

ನನಗೆ ತಲೆ ಕೆಟ್ಟಿತು. ಯಾಕಂದರೆ ಶಲ್ಕವನ್ನು ಕಾಯುವುದೇ ಇರುವೆ. ಆ ಸಿಹಿಯ ಆಸೆಗೆ, ಶಲ್ಕ ತಿನ್ನಲು ಬರುವ ಗುಲಗಂಜಿ ಹುಳವನ್ನು, ಅದರೊಳಗೆ ಮೊಟ್ಟೆಯಿಡಲು ಬರುವ ಪುಟ್ಟ ಕಣಜವನ್ನು ಓಡಿಸುತ್ತದೆ. ಹಾಗಾದರೆ ಚಗಳಿ ಸತ್ತ ಮೇಲೆ ಶಲ್ಕ ಕಡಿಮೆ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ನನ್ನ ಮದ್ದಿಗೆ ಗುಲಗಂಜಿ ಹುಳ, ಕಣಜಗಳೂ ಸತ್ತಿದ್ದವು. ಎಲೆಯಡಿ ಅಡಗಿದ್ದ ನಾಲ್ಕು ಶಲ್ಕ ಉಳಿದವು. ಅವಕ್ಕೆ ಮರಿ ಮಾಡಲು ಗಂಡೂ ಬೇಕಿಲ್ಲ, ಹೆಣ್ಣೊಂದೇ ಸಾಕು. ಇನ್ನು ಕೇಳಬೇಕಾ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಆಹಾರ ಸರಪಳಿ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಬಾಣದ ಗುರುತು ಹಾಕಿ ಬರೆದರೆ ಐದು ಮಾರ್ಕ್ಸು. ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ 1927ರಲ್ಲೇ, ಇಂಥ ಸರಪಳಿಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಅಂತ ಬರೆದಿದ್ದರು. ನಮ್ಮ ತಲೆಯಲ್ಲಿ ಮಾತ್ರ ಇನ್ನೂ ಸರಪಳಿಯೇ. ಅದಕ್ಕೇ ವಾಟ್ಸಾಪ್ ಗುಂಪಲ್ಲಿ ದಿನಾ "ಇದು ಒಳ್ಳೆ ಹುಳವೋ ಕೆಟ್ಟದ್ದೋ, ಏನು ಹೊಡೀಲಿ?" ಅನ್ನುವ ಫೋಟೋಗಳು. ಚಗಳಿಯನ್ನು ಯಾವ ಕಡೆ ಹಾಕುತ್ತೀರಿ? ಶಲ್ಕ ಸಾಕುತ್ತದೆ, ಕೆಟ್ಟದ್ದು. ಕಂಬಳಿಹುಳ ಎಳೆದುಕೊಂಡು ಹೋಗುತ್ತದೆ, ಒಳ್ಳೇದು. ಕಚ್ಚುತ್ತದೆ, ಬಹಳ ಕೆಟ್ಟದ್ದು! ಚೀನಾದ ಕಿತ್ತಳೆ ತೋಟಗಳಲ್ಲಿ ನೂರಾರು ವರ್ಷದಿಂದ ಇದೇ ಇರುವೆಯ ಗೂಡು ತಂದು ಮರಕ್ಕೆ ಕಟ್ಟುತ್ತಿದ್ದರು, ಕೀಟ ತಿನ್ನಲಿ ಅಂತ.

ಲೆಕ್ಕ ತಪ್ಪುವುದು ಹೊಸದಲ್ಲ ಬಿಡಿ. ಇದೇ ಹಸಿರು ಶಲ್ಕ ತಿನ್ನಲಿ ಅಂತ 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳ ತರಿಸಿದರು. ಅದಕ್ಕೆ ರುಚಿಸಿದ್ದು ರಸ ಹೀರುವ ಇನ್ನೊಂದು ಕೀಟ, ಹಿಟ್ಟುತಿಗಣೆ. ಇವತ್ತಿಗೂ ಹಿಟ್ಟುತಿಗಣೆಗೇ ಅದನ್ನು ಬಿಡುತ್ತಾರೆ.

ತೋಟದಲ್ಲಿ ನನಗೆ ಅತೀ ಇಷ್ಟದ ಜೋಡಿ ಬೇರೆ ಇದೆ. ಕೊಂಬೆಗೆ ಸಗಣಿ ಮೆತ್ತಿದ ಹಾಗೆ ಗೂಡು ಕಟ್ಟುವ ಕಪ್ಪಿರುವೆ ನೋಡಿರುತ್ತೀರಿ. ಕಂದು ಮರಕುಟಿಗ ತಿನ್ನುವುದು ಹೆಚ್ಚಾಗಿ ಇರುವೆಯನ್ನೇ. ಆದರೆ ಮೊಟ್ಟೆ ಇಡುವುದು ಎಲ್ಲಿ? ಆ ಇರುವೆ ಗೂಡನ್ನೇ ಕೊರೆದು, ಅದರೊಳಗೆ. ಇದಕ್ಕೆ ಯಾವ ಬಾಣ ಹಾಕೋಣ? ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಸವರುವಾಗ, ಆ ಕೊಂಬೆಗಳನ್ನು ಕಡಿಯಬೇಡಿ ಅಂತ ಈಗ ಆಳುಗಳಿಗೆ ಹೇಳಿಟ್ಟಿದ್ದೇನೆ.

ಮದ್ದೇ ಹೊಡೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಸಾಲ ಇರುವವನಿಗೆ ಆ ಉಪದೇಶ ಕೇಳಿದರೆ ಮೈ ಉರಿಯುತ್ತದೆ, ನನಗೂ ಉರಿಯುತ್ತದೆ. ಶಲ್ಕ ಹತ್ತಿದ ಗಿಡಕ್ಕಷ್ಟೇ ಹೊಡೆಯಿರಿ, ಇಡೀ ಬ್ಲಾಕಿಗೆ ಬೇಡ. ಹೊಡೆಯುವ ಮುಂಚೆ ಒಂದು ಎಲೆ ಮಗುಚಿ, ಅಲ್ಲಿ ಯಾರು ಯಾರನ್ನು ತಿನ್ನುತ್ತಿದ್ದಾರೆ ನೋಡಿ. ಎರಡು ನಿಮಿಷದ ಕೆಲಸ.

ಈ ವರ್ಷ ಚಗಳಿ ವಾಪಸ್ ಬಂದಿದೆ. ಬಾವಿ ಹತ್ತಿರದ ಕಿತ್ತಳೆ ಮರದಲ್ಲಿ ಎಲೆ ಹೊಲಿದು ಮೂರು ಗೂಡು ಕಟ್ಟಿದೆ. ನನಗಿಂತ ಮೊದಲು ನೋಡಿದ್ದು ಅಮ್ಮ. "ಅದಕ್ಕೆ ಕೈ ಹಚ್ಚಬೇಡ, ಮೊಟ್ಟೆ ತುಂಬಲಿ, ಚಟ್ನಿಗೆ ಬೇಕು" ಅಂದರು. ಜೀರಿಗೆ ಮೆಣಸು ಆಗಲೇ ಕುಯ್ದಿಟ್ಟಿದ್ದಾರೆ.