ಸಾಕಿದರೂ ಪಳಗದ ಗಿನಿ ಕೋಳಿ

ಗಿನಿ ಕೋಳಿ ಸಾಕಿದ ಮನೆಗೆ ಕರೆಗಂಟೆ ಬೇಕಾಗುವುದಿಲ್ಲ. ಬೀದರ್ ಜಿಲ್ಲೆಯ ನಮ್ಮ ಹಳ್ಳಿಯ ಓಣಿಯಲ್ಲಿ ಗುರುತಿಲ್ಲದ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಎದುರು ಮನೆಯ ಗಿನಿ ಕೋಳಿಗಳೆಲ್ಲ ಕತ್ತು ನಿಗುರಿಸಿ, ಎಣ್ಣೆ ಕಾಣದ ಬಾವಿಯ ರಾಟೆಯಂತೆ ಕಿರುಚತೊಡಗುತ್ತವೆ. ಅಂಚೆಯವನು, ಮುಂಗುಸಿ, ಕೈಗಡ ಕೇಳಲು ಬಂದ ನೆಂಟ, ಎಲ್ಲರಿಗೂ ಒಂದೇ ಬಗೆಯ ಸ್ವಾಗತ. ಈ ಗದ್ದಲ ಕೇಳಿ ಬೇಸತ್ತವರು ಹಕ್ಕಿಗೆ ಬುದ್ಧಿಯೇ ಇಲ್ಲವೆಂದು ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಅದು ನಮ್ಮ ಅಂಗಳದಲ್ಲಿದ್ದರೂ ತನ್ನ ತವರಿನ ಕಾಯಿದೆಯನ್ನೇ ಪಾಲಿಸುತ್ತಿದೆ, ಅಷ್ಟೇ.

ಆ ತವರು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಹುಲ್ಲುಗಾವಲು. ನೆತ್ತಿಯ ಮೇಲೆ ಕೊಂಬಿನಂಥ ಮುಕುಟ ಹೊತ್ತ ಈ ಜಾತಿಯ ಹಕ್ಕಿಗಳು ಅಲ್ಲಿ ಗುಂಪು ಗುಂಪಾಗಿ ನೆಲ ಕೆದರುತ್ತ ತಿರುಗುತ್ತವೆ. ದೊಡ್ಡ ಪ್ರಾಣಿಗಳ ಹಿಂಡಿನ ಬೆನ್ನು ಹತ್ತಿ ಸಗಣಿಯೊಳಗಿನ ಹುಳು ಹೆಕ್ಕುತ್ತವೆ, ಬೇಸಿಗೆಯಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ನೀರಿಗೆ ನಡೆಯುತ್ತವೆ. ಮೇಲೆ ಹದ್ದು, ಕೆಳಗೆ ನರಿ, ಹುಲ್ಲಿನ ಮರೆಯಲ್ಲಿ ಹಾವು ಇರುವ ಕಡೆ, ಒಂದು ಕಂಡದ್ದನ್ನು ಉಳಿದವಕ್ಕೆಲ್ಲ ತಕ್ಷಣ ಕೂಗಿ ಹೇಳದಿದ್ದರೆ ಗುಂಪು ಉಳಿಯುವುದಿಲ್ಲ. ಇವುಗಳದೇ ಬಳಗದ, ರಣಹದ್ದಿನಂಥ ಬೋಳುತಲೆಯ ಇನ್ನೊಂದು ಜಾತಿಯನ್ನು ಕೀನ್ಯಾದಲ್ಲಿ ಬೆನ್ನಟ್ಟಿ ನೋಡಿದ ಸಂಶೋಧಕರು 2019ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಅಲ್ಲಿ ಪ್ರತಿ ಗುಂಪಿಗೂ ತನ್ನ ಸದಸ್ಯರು ಯಾರೆಂಬುದು ಗೊತ್ತು. ಅಷ್ಟೇ ಅಲ್ಲ, ಯಾವ ಗುಂಪಿನೊಂದಿಗೆ ಕೂಡಬೇಕು ಎಂಬ ಆಯ್ಕೆಯೂ ಉಂಟು. ಹೀಗೆ ಗುಂಪುಗಳೇ ಒಂದರೊಡನೊಂದು ಕೂಡಿ ಕಟ್ಟುವ ಹಲವು ಹಂತಗಳ ಸಮಾಜ ದೊಡ್ಡ ಮೆದುಳಿನ ಸಸ್ತನಿಗಳಿಗೇ ಮೀಸಲು ಎಂದು ಅದುವರೆಗೆ ತಿಳಿಯಲಾಗಿತ್ತು. ನಮ್ಮ ಓಣಿಯ ತೀರ್ಪುಗಾರರು ಇದನ್ನು ಗಮನಿಸಬೇಕು.

ಗ್ರೀಕರು, ರೋಮನ್ನರ ಕಾಲದಿಂದಲೂ ಮನುಷ್ಯ ಇದನ್ನು ಸಾಕುತ್ತಲೇ ಬಂದಿದ್ದಾನೆ. ಬರೇಲಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರಂತೂ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂದು ಮನೆಮಗಳಿಗೆ ಇಡುವಂಥ ಹೆಸರಿಟ್ಟು ತಳಿಗಳನ್ನು ಹೊರತಂದಿದ್ದಾರೆ. ಆದರೂ ಈ ಹಕ್ಕಿ ನಮ್ಮ ಜೋಳವನ್ನು ಒಪ್ಪಿಕೊಂಡಿತೇ ಹೊರತು ನಮ್ಮ ಗೂಡನ್ನು ಒಪ್ಪಿಕೊಳ್ಳಲಿಲ್ಲ. ಸಂಜೆಯಾಗುತ್ತಲೇ ನಾಟಿ ಕೋಳಿಗಳು ತಾವಾಗಿ ಬುಟ್ಟಿಯಡಿಗೆ ಬಂದರೆ, ಇವು ಬೇವಿನ ಮರದ ಕೊಂಬೆಗೆ ಹಾರಿ ಕೂರುತ್ತವೆ. ಹಗಲಿನಲ್ಲಿ ತೊಗರಿ ಹೊಲವೇ ಇವುಗಳ ರಾಜ್ಯ. ಕಾಯಿಕೊರಕದ ಕಾಟ ಹೆಚ್ಚಾದಾಗ ನಮ್ಮ ಕಡೆಯ ರೈತರು ಗಿಡ ಅಲುಗಿಸಿ ಹುಳುಗಳನ್ನು ತಾಡಪತ್ರಿಯ ಮೇಲೆ ಬೀಳಿಸುವುದುಂಟು. ಸಾಲಿನ ಹಿಂದೆಯೇ ಬರುವ ಗಿನಿ ಕೋಳಿಗಳಿಗೆ ಅದು ಹಬ್ಬದೂಟ. ಹೀಗೆ ಹತ್ತಿರ ಬಂದಾಗಲೇ ಅವುಗಳ ಗರಿಯನ್ನು ನೋಡಬೇಕು. ಬೂದುಗಪ್ಪು ಮೈಮೇಲೆ ಬಿಳಿಯ ದುಂಡು ಚುಕ್ಕೆಗಳು ಒಂದೂ ಸಾಲು ತಪ್ಪದೆ ಕೂತಿರುತ್ತವೆ, ರೆಕ್ಕೆಯ ಅಂಚಿಗೆ ಬಂದಾಗ ಒಂದಕ್ಕೊಂದು ಕೂಡಿಕೊಂಡು ಗೆರೆಗಳಾಗುತ್ತವೆ. ಅಷ್ಟು ಚಂದದ ಮೈಗೆ ಇಷ್ಟು ಚಿಕ್ಕ ಬೋಳುತಲೆಯನ್ನು ಯಾರು ಜೋಡಿಸಿದರೋ!

ಗಂಡು ಹೆಣ್ಣುಗಳನ್ನು ಕಣ್ಣಿನಿಂದ ಗುರುತಿಸುವುದು ಕಷ್ಟ. ಗಂಡಿನ ಮುಕುಟವೂ ಕೆನ್ನೆಯ ಜೋಲೂ ತುಸು ದೊಡ್ಡವಾದರೂ ನಂಬಬೇಕಾದದ್ದು ಕಿವಿಯನ್ನೇ. ಹೆಣ್ಣು ಎರಡು ತುಂಡಿನ ಕೂಗು ಹಾಕುತ್ತದೆ. ಗಂಡಿಗೆ ಬರುವುದು ಒಂದೇ ತುಂಡಿನದು. ಗಾಬರಿಯಾದಾಗ ಹೆಣ್ಣು ಗಂಡಿನ ಹಾಗೆಯೂ ಕೂಗಬಲ್ಲದು, ಗಂಡಿಗೆ ಮಾತ್ರ ಹೆಣ್ಣಿನ ಕೂಗು ಎಂದೂ ಸಾಧಿಸದು.

ಮೊಟ್ಟೆಯ ವಿಷಯದಲ್ಲಿಯಂತೂ ಇದರ ಕಾಡುತನ ಪೂರ್ಣ ಬಯಲಾಗುತ್ತದೆ. ಮನೆಯಲ್ಲಿ ಬುಟ್ಟಿ, ಹುಲ್ಲು ಎಲ್ಲ ಇಟ್ಟರೂ ಅದು ಬೇಲಿಯ ಮುಳ್ಳಿನಡಿ ಕದ್ದು ಇಡುತ್ತದೆ, ಒಂದೇ ಗುಂಡಿಯಲ್ಲಿ ಹಲವು ಹೆಣ್ಣುಗಳು ಇಡುವುದೂ ಉಂಟು. ಕಾವಿಗೆ ಕೂತು 26ರಿಂದ 28 ದಿನಗಳಲ್ಲಿ ಮರಿ ಮಾಡಿದರೂ, ತಾಯಿ ಅವುಗಳನ್ನು ಮಳೆಗಾಲದ ಒದ್ದೆ ಹುಲ್ಲಿನಲ್ಲಿಯೇ ಓಡಾಡಿಸುತ್ತದೆ. ಕಂದು ಪಟ್ಟೆಯ ಆ ಮರಿಗಳು ತೊಯ್ದು, ಥಂಡಿ ಹಿಡಿದು ಸಾಯುತ್ತವೆ. ಹಾಗಾಗಿ ತಿಳಿದವರು ಇದರ ಮೊಟ್ಟೆಗಳನ್ನು ನಾಟಿ ಕೋಳಿಯ ಕಾವಿಗೆ ಇಡುತ್ತಾರೆ. ಅದು ತನ್ನ 21 ದಿನಗಳ ಲೆಕ್ಕ ಮುಗಿದ ಮೇಲೂ ವಾರ ಹೆಚ್ಚು ಕೂರಬೇಕಾಗುತ್ತದೆ.

ಎದುರು ಮನೆಯ ಅಕ್ಕನಿಗೆ ಈ ಬೇಲಿಯಡಿಯ ಗುಟ್ಟು ಚೆನ್ನಾಗಿ ಗೊತ್ತು. ಗುಂಡಿ ಸಿಕ್ಕ ದಿನ ಸೆರಗಿನಲ್ಲಿ ಮೊಟ್ಟೆ ತುಂಬಿಕೊಂಡು ಬಂದು, ಒಂದೊಂದನ್ನೇ ಬಕೇಟಿನ ನೀರಿಗೆ ಬಿಡುತ್ತಾಳೆ. "ಮುಳುಗಿದ್ದು ನಮಗ, ತೇಲಿದ್ದು ತಿಪ್ಪಿಗ. ಇವ್ಕ ಹೇಳಿ ಇಡು ಅಂದ್ರ ಇಡ್ತಾವೇನ್ರೀ?" ಎನ್ನುತ್ತ, ತೇಲಿದ ತತ್ತಿಗಳನ್ನು ಬೇರೆಯಾಗಿ ಎತ್ತಿಡುತ್ತಾಳೆ.