ಸ್ಕೇಲು ಹಿಡಿದ ಗೈಡು

ನನ್ನ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ನಿನ್ನೆ ಮತ್ತೆ ಹಿಂದಿರುಗಿ ಬಂದಿದೆ. ಅದರ ವಾದದ ಬಗ್ಗೆ ಗೈಡು ಚಕಾರವೆತ್ತಿಲ್ಲ. ಕೋಷ್ಟಕಗಳ ಕೆಳಗೆ ಕೆಂಪು ಶಾಯಿಯಲ್ಲಿ ‘7’, ‘4’, ‘6’ ಎಂದು ಬರೆದಿದ್ದಾರೆ. ಇವು ಅಂಕಗಳಲ್ಲ, ಮಿಲಿಮೀಟರುಗಳು.

ಧಾರವಾಡದಿಂದ ಬಂದು ಪುಣೆಯಲ್ಲೇ ತಲೆ ನರೆಸಿಕೊಂಡ ಇವರ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಸ್ಟೀಲ್ ಸ್ಕೇಲು ಇರುತ್ತದೆ. ಹಾಳೆ ಕೈಗೆ ಬಂದೊಡನೆ ಕನ್ನಡಕವನ್ನು ಹಣೆಗೇರಿಸಿ, ಕೋಷ್ಟಕದ ಕೊನೆಯ ಗೆರೆಗೆ ಸ್ಕೇಲು ತಾಗಿಸಿ, ಉಸಿರು ಬಿಗಿಹಿಡಿದು ನೋಡಿ, “ಇಲ್ಲಿ ಏಳು ಐತಿ, ಅಲ್ಲಿ ನಾಲ್ಕು ಐತಿ. ಯಾಕ್ರೀ ಹಿಂಗ?” ಎನ್ನುತ್ತಾರೆ. ಒಮ್ಮೆ ಮಿಸಳ್ ತಿನ್ನಲು ಹೋದಾಗ ಮೆನು ಕಾರ್ಡನ್ನೂ ಅಳೆದು, ತಿಂಡಿಯ ಹೆಸರಿಗೂ ಬೆಲೆಗೂ ನಡುವೆ ಅಂತರ ಸಾಲದೆಂದು ಮಾಲೀಕನಿಗೆ ಶುದ್ಧ ಮರಾಠಿಯಲ್ಲಿ ತಿಳಿಹೇಳಿದರು. ಮಾಲೀಕ ಒಪ್ಪುವಷ್ಟರಲ್ಲಿ ಮಿಸಳ್ ಆರಿತ್ತು.

ನನ್ನ ಪ್ರಬಂಧವನ್ನು ಅಚ್ಚಿಗೆ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಪುಟದ ತಲೆಗೆ ಕೂತ ಕೋಷ್ಟಕಕ್ಕೂ ಪಠ್ಯಕ್ಕೂ ನಡುವಿನ ಅಂತರವನ್ನು ‘ಟೆಕ್ಸ್ಟ್‌ಫ್ಲೋಟ್‌ಸೆಪ್’ ಎಂಬ ಅಳತೆ ನಿರ್ಧರಿಸುತ್ತದೆ: 20 ಪಾಯಿಂಟ್, ಅಂದರೆ ಸುಮಾರು 7 ಮಿಲಿಮೀಟರ್. ಪಠ್ಯದ ನಡುವೆ ಬಂದ ಕೋಷ್ಟಕಕ್ಕೆ ‘ಇನ್‌ಟೆಕ್ಸ್ಟ್‌ಸೆಪ್’ 12 ಪಾಯಿಂಟ್ ಮಾತ್ರ ಕೊಡುತ್ತದೆ. ಈ ಅಳತೆಗಳೂ ಸ್ಥಿರವಲ್ಲ; ಮದುವೆಯ ಪಂಕ್ತಿಯಲ್ಲಿ ಜನ ಹೆಚ್ಚಾದರೆ ಒತ್ತಿ ಕೂರುವಂತೆ, ಪುಟ ತುಂಬಿದಾಗ 20 ಪಾಯಿಂಟು 16ರವರೆಗೂ ಕುಗ್ಗುತ್ತದೆ. ಇದನ್ನು ವಿವರಿಸಿದಾಗ ಗೈಡು ಶಾಂತರಾಗಿ ಕೇಳಿ, “ಹಂಗಂದ್ರ ಸ್ಕೇಲು ಸುಳ್ಳ ಹೇಳತೈತೇನು?” ಎಂದರು. ಸ್ಕೇಲಿಗೆ ಎದುರಾಡುವ ಧೈರ್ಯ ಯಾವ ಸಂಶೋಧಕನಿಗಿದೆ?

ತಮಾಷೆಯೆಂದರೆ, ತನ್ನ ಪುಸ್ತಕದ ಕರಡಚ್ಚು ಕಣ್ಣಿಗೆ ಹಿತವಾಗಲಿಲ್ಲವೆಂಬ ಕಾರಣಕ್ಕೇ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ಲೇಟೆಕ್‌ನ ಬುಡದಲ್ಲಿರುವ ಟೆಕ್ ಅನ್ನು ರಚಿಸಲು ಹೊರಟದ್ದು. ಆತ ನಮ್ಮ ಗೈಡಿನ ಜಾತಿಯವನೇ ಇರಬೇಕು.

ಗೈಡು ತಮ್ಮ ಪ್ರಬಂಧವನ್ನು ಟೈಪ್‌ರೈಟರಿನಲ್ಲಿ ಸಿದ್ಧಪಡಿಸಿದವರು. ಕೋಷ್ಟಕಗಳಿಗೆ ಜಾಗ ಬಿಡಿಸಿ, ರಾತ್ರಿಯೆಲ್ಲ ಕುಳಿತು ಇದೇ ಸ್ಕೇಲಿನಿಂದ ಗೆರೆ ಎಳೆದರಂತೆ. ಪಕ್ಕದಲ್ಲಿ ಅವರ ತಂದೆ ಅಂಕಿಗಳನ್ನು ಓದಿ ಹೇಳುತ್ತಿದ್ದರಂತೆ. ಅದನ್ನು ಕೇಳಿದ ದಿನ ನನಗೆ ಮುನಿಸು ತೋರಿಸಲಾಗಲಿಲ್ಲ.

ಆದ್ದರಿಂದ ಹಿಗ್ಗು ಕುಗ್ಗುಗಳನ್ನೆಲ್ಲ ತೆಗೆದುಹಾಕಿ, ಎರಡೂ ಅಂತರಗಳನ್ನು 12 ಪಾಯಿಂಟಿಗೆ ಬಿಗಿದೆ. ಆದರೆ ಎರಡೂ ಬದಿ ಅಚ್ಚಾಗುವ ಪ್ರಬಂಧದಲ್ಲಿ ಲೇಟೆಕ್ ಪ್ರತಿ ಪುಟವನ್ನೂ ತಳದವರೆಗೆ ತುಂಬಿಸಿಯೇ ತೀರುತ್ತದೆ. ಕೋಷ್ಟಕದ ಬಳಿಯಿಂದ ಓಡಿಸಿದ ಜಾಗವು ಪ್ಯಾರಾಗಳ ನಡುವೆ ಹೋಗಿ ಕುಳಿತಿದೆ. ಗೈಡು ಈಗ ಪ್ಯಾರಾಗಳನ್ನು ಅಳೆಯತೊಡಗಿದ್ದಾರೆ.